ಬೇಸ್ ಪೆಡಲ್ ಅಂತ ಗಿಟಾರ್ ಪೆಡಲ್ ಕೊಟ್ಟ, ಯಾರೂ ಪೂರ್ತಿ ಮುಂಗಡ ಕೊಡಬೇಡಿ

ಬಳ್ಳಾರಿ ಕಡೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸೋರು ಇದ್ದರೆ ಇದನ್ನ ಓದಿ. 6,500 ರೂಪಾಯಿ ಹೋಯ್ತು. ದುಡ್ಡಿಗಿಂತ ಜಾಸ್ತಿ, ಜನರ ಮುಂದೆ ಮರ್ಯಾದೆ ಹೋಯ್ತು.

ಬೇಸ್‌ಗೆ ಅಂತಲೇ ಓವರ್‌ಡ್ರೈವ್ ಪೆಡಲ್, ಅಂದ್ರೆ ಕಾಲಲ್ಲಿ ಒತ್ತಿದ್ರೆ ದನಿ ಕರಕರ ಅನ್ನಿಸೋ ಡಬ್ಬಿ, ಡಿಸೈನ್ ಮಾಡಿ ಕೊಡ್ತೀನಿ ಅಂದಿದ್ದ ಪೆಡಲ್ ಮಾಡೋ ಒಬ್ಬ ಮನುಷ್ಯ. ನಾನು ಕೇಳಿದ್ದು ಒಂದೇ. ತಳದ ದನಿ ಹೋಗಬಾರದು, ಕ್ಲೀನ್ ಬ್ಲೆಂಡ್ (ಬೇಸ್‌ನ ಮೂಲ ದನಿಯನ್ನೂ ಜೊತೆಗೆ ಬೆರೆಸೋ ಗುಂಡಿ) ಬೇಕೇ ಬೇಕು. "ಆಯ್ತು ಅಣ್ಣ, ನಿಮಗೆ ಹೊಸ ಸರ್ಕ್ಯೂಟೇ ಮಾಡ್ತೀನಿ" ಅಂದ. ಪೂರ್ತಿ ದುಡ್ಡು ಫೋನ್‌ಪೇ ಮಾಡಿದೆ. ಹದಿನೈದು ದಿನ ಅಂದವನು ಎರಡು ತಿಂಗಳು ಎಳೆದ.

ಕೌಲ್ ಬಜಾರ್‌ನಲ್ಲಿ ಗಣೇಶನ ಪೆಂಡಾಲ್ ಕಾರ್ಯಕ್ರಮ. ಎರಡನೇ ಹಾಡಿಗೆ ಪೆಡಲ್ ಒತ್ತಿದೆ. ಬೇಸೇ ಮಾಯ! ಡ್ರಮ್ಸ್ ಹುಡುಗ ತಿರುಗಿ ನನ್ನನ್ನೇ ನೋಡಿದ. ಬ್ಲೆಂಡ್ ಗುಂಡಿ ಆ ಕಡೆ ಈ ಕಡೆ ತಿರುಗಿಸಿದೆ, ಏನೂ ಬದಲಾಗಲಿಲ್ಲ.

ರಾತ್ರಿ ಮನೆಗೆ ಬಂದವನೇ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಬ್ಲೆಂಡ್ ಪಾಟ್, ಅಂದ್ರೆ ಆ ಗುಂಡಿಯ ಒಳಗಿನ ಭಾಗ, ಅದರ ಮೂರು ಕಾಲಿಗೂ ವೈರ್ ಇಲ್ಲ. ಒಂದೂ ಇಲ್ಲ! ಕಾಲು ಹೊಸದಾಗಿ ಹೊಳೀತಾ ಇವೆ, ಸೋಲ್ಡರ್ ತಾಗಿದ ಗುರುತೂ ಇಲ್ಲ. ಬೋರ್ಡ್ ಮೇಲೆ 4558 ಚಿಪ್, 4.7 ಕೆ ರೆಸಿಸ್ಟರ್, ಪಕ್ಕದಲ್ಲಿ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಗೊತ್ತಿದ್ದವರಿಗೆ ಇಷ್ಟು ಸಾಕು, ಇದು ಟ್ಯೂಬ್ ಸ್ಕ್ರೀಮರ್ ಅನ್ನೋ ಹೆಸರುವಾಸಿ ಓವರ್‌ಡ್ರೈವ್ ಪೆಡಲ್‌ನ ಸರ್ಕ್ಯೂಟ್. ಗಿಟಾರ್‌ನದು. ಆ ರೆಸಿಸ್ಟರ್-ಕೆಪಾಸಿಟರ್ ಜೋಡಿಯಿಂದ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಗೇನ್ (ದನಿಯನ್ನ ಎಷ್ಟು ಪಟ್ಟು ಹೆಚ್ಚಿಸುತ್ತೆ ಅನ್ನೋದು) ಇಳೀತಾ ಹೋಗುತ್ತೆ. ನಮ್ಮ ಇ ತಂತಿ 41 ಹರ್ಟ್ಸ್! ಮೇಲಿನ ಕರಕರ ಮಾತ್ರ ಎದ್ದು ಬರುತ್ತೆ, ತಳ ಅಲ್ಲೇ ಉಳಿಯುತ್ತೆ. 0.47 ಕೆಪಾಸಿಟರ್ ಹಾಕಿದ್ದರೂ ಆ 720 ಹೋಗಿ 72 ಆಗ್ತಿತ್ತು. ನಾಲ್ಕು ಕಾಸಿನ ಮಾಲು. ಅದನ್ನೂ ಮಾಡಿಲ್ಲ.

ಫೋಟೋ ಕಳಿಸಿದೆ. "ನಿಮ್ಮ ಆಂಪ್ ಸರಿ ಇಲ್ಲ ಅಣ್ಣ, ಚೆಕ್ ಮಾಡಿಸಿ" ಅಂದ. ವೈರ್ ಎಲ್ಲಪ್ಪಾ ಅಂತ ಕೇಳಿದೆ. "ಕೊರಿಯರ್‌ನವರು ಎಸೆದಾಡಿದಾಗ ಕಿತ್ತು ಹೋಗಿರುತ್ತೆ." ಕಿತ್ತ ವೈರ್ ಡಬ್ಬಿ ಒಳಗೇ ಬಿದ್ದಿರಬೇಕು ಅಲ್ವಾ? ಸ್ಕ್ರೂ ಹಾಕಿದ ಡಬ್ಬಿ ಅದು! ಅದಕ್ಕೆ ಉತ್ತರ, "ನೀವು ಬಿಚ್ಚಿದ್ದೀರಿ, ಗ್ಯಾರಂಟಿ ಹೋಯ್ತು." ಆಮೇಲೆ ಬ್ಲಾಕ್. ಅಣ್ಣ ಅಣ್ಣ ಅಂತಲೇ ಮೋಸ ಮಾಡಿದ. ಅದಕ್ಕೇ ನನಗೆ ಹೊಟ್ಟೆ ಉರಿಯೋದು.

ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡಬೇಡಿ. ಒಳಗಿನ ಬೋರ್ಡ್ ಫೋಟೋ ಕೇಳಿ. ಬೇಸ್‌ನಲ್ಲೇ ಇ ತಂತಿ ಮೀಟಿ, ಬ್ಲೆಂಡ್ ತಿರುಗಿಸಿ ತೋರಿಸು ಅನ್ನಿ. ನನಗೆ ಅವನು ಕಳಿಸಿದ್ದ ವಿಡಿಯೋ ನಿನ್ನೆ ಮತ್ತೆ ತೆಗೆದು ನೋಡಿದೆ. ಅವನ ಕೈಯಲ್ಲಿದ್ದದ್ದು ಆರು ತಂತಿಯ ಮಾಮೂಲಿ ಗಿಟಾರ್.