ಸರಸ್ವತಿಪುರಂನ ಪ್ರಾಯೋಗಿಕ ಸಿನಿಮಾ ಶಿಬಿರ: ಪಾಠ ಚೆನ್ನ, ಪರದೆ ಪರವಾಗಿಲ್ಲ, ಬಾಗಿಲು ಮಾತ್ರ ಬೇಡ

ಮೈಸೂರಿನ ಸರಸ್ವತಿಪುರಂನ ಸಭಾಂಗಣವೊಂದರಲ್ಲಿ ಕಳೆದ ಶನಿವಾರ ಮತ್ತು ಭಾನುವಾರ ನಡೆದ ಪ್ರಾಯೋಗಿಕ ಸಿನಿಮಾ ರಸಗ್ರಹಣ ಶಿಬಿರಕ್ಕೆ 1,200 ರೂಪಾಯಿ ಕಟ್ಟಿ ಹೋಗಿದ್ದೆ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ ಅದರಲ್ಲೇ ಸೇರಿತ್ತು. ಪಾಠದ ಮಟ್ಟಿಗೆ ಹಣ ವಸೂಲಾಯಿತು. ಪ್ರದರ್ಶನದ ವ್ಯವಸ್ಥೆಯ ಬಗ್ಗೆ ಹಾಗೆ ಹೇಳಲಾರೆ.

ಪ್ರಾಯೋಗಿಕ ಎಂದರೆ ಅರ್ಥವಾಗದ್ದು ಎಂಬ ಗುಮಾನಿ ನನಗೂ ಇತ್ತು. ಕಥನದ ಕಟ್ಟುಪಾಡನ್ನು ಮುರಿಯುವವರು ಆ ಕಟ್ಟುಪಾಡನ್ನೇ ಹತಾರ ಮಾಡಿಕೊಳ್ಳುತ್ತಾರೆ ಎಂಬುದು ಮನದಟ್ಟಾದದ್ದು ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹ್ಯಾಮಿಡ್ 1943ರಲ್ಲಿ ತೆಗೆದ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ನೋಡುವಾಗ. ಅದರಲ್ಲಿ ಹೆಂಗಸೊಬ್ಬಳು ಚಾಕು ಹಿಡಿದು ನಡೆಯುತ್ತಾಳೆ. ಒಂದು ಹೆಜ್ಜೆ ಕಡಲ ಮರಳಿನ ಮೇಲೆ, ಮುಂದಿನದು ಹುಲ್ಲಿನ ಮೇಲೆ, ಆಮೇಲಿನದು ಕಾಲುದಾರಿಯ ಮೇಲೆ, ಕೊನೆಯದು ಮನೆಯ ಜಮಖಾನದ ಮೇಲೆ. ನಡಿಗೆಯ ಲಯ ಎಳ್ಳಷ್ಟೂ ತಪ್ಪುವುದಿಲ್ಲ. ಒಂದು ಶಾಟ್‌ನಲ್ಲಿ ಎತ್ತಿದ ಕಾಲು ಮುಂದಿನ ಶಾಟ್‌ನಲ್ಲಿ ನೆಲ ಮುಟ್ಟಿದರೆ ಕತ್ತರಿ ಬಿದ್ದದ್ದು ಕಣ್ಣಿಗೆ ತಿಳಿಯದು ಎಂಬುದು ಎಲ್ಲ ಸಂಕಲನಕಾರರೂ ನೆಚ್ಚುವ ನಿಯಮ; ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಕಾಲ ಕೆಳಗಿನ ನೆಲವನ್ನು ಮಾತ್ರ ಬದಲಿಸುತ್ತಾ ಹೋಗಿದ್ದಾರೆ. ಶಿಬಿರ ನಡೆಸಿಕೊಟ್ಟವರು ಈ ಭಾಗವನ್ನು ಮೂರು ಸಲ ತೋರಿಸಿದರು. ಚಿತ್ರ ಮೊದಲಿಗೆ ಮೂಕಿಯಾಗಿತ್ತು, ಟೇಜಿ ಇಟೊ ಅವರ ಸಂಗೀತ ಸೇರಿದ್ದು 1959ರಲ್ಲಿ ಎಂದು ವಿವರಿಸಿ, ಕೊನೆಯ ಸಲ ಧ್ವನಿ ನಿಲ್ಲಿಸಿಯೇ ಓಡಿಸಿದರು. ಫ್ಯಾನಿನ ಗರಗರದ ನಡುವೆ ಅದೇ ಹೆಜ್ಜೆಗಳು ಇನ್ನಷ್ಟು ಭಾರವಾಗಿ ಕಂಡವು.

ಮಧ್ಯಾಹ್ನ ಕ್ರಿಸ್ ಮಾರ್ಕರ್ ಅವರ 'ಲಾ ಜೆಟೇ' ಇತ್ತು. 1962ರ ಈ 28 ನಿಮಿಷಗಳ ಚಿತ್ರವನ್ನು ಬಹುತೇಕ ಸ್ಥಿರಚಿತ್ರಗಳಿಂದಲೇ ಕಟ್ಟಲಾಗಿದೆ. ಕಥೆ ಹೇಳುವುದು ಹಿನ್ನೆಲೆಯ ಒಂಟಿ ದನಿ. ನಡುವೆ ಒಂದೆಡೆ, ಮಲಗಿದ ಹೆಣ್ಣಿನ ಫೋಟೋಗಳು ಒಂದರೊಳಗೊಂದು ಕರಗುತ್ತಾ, ಹಕ್ಕಿಗಳ ಚಿಲಿಪಿಲಿ ಏರುತ್ತಾ ಹೋಗಿ, ಆಕೆ ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ. ಇಡೀ ಚಿತ್ರದಲ್ಲಿ ಚಲಿಸುವುದು ಅದೊಂದೇ ಶಾಟ್. ಸರಿಯಾಗಿ ಆ ಗಳಿಗೆಗೆ ಚಹಾದ ಕ್ಯಾನ್ ಹೊತ್ತವರು ಬಾಗಿಲು ತಳ್ಳಿದರು. ಮೂರು ಗಂಟೆಯ ಬಿಸಿಲು ಪರದೆಗೆ ಬಡಿದು ಆ ಮುಖವೇ ಅಳಿಸಿಹೋಯಿತು. ಕೇಳಿಕೊಂಡದ್ದಕ್ಕೆ ಮತ್ತೆ ತೋರಿಸಿದರೇನೋ ನಿಜ, ಆದರೆ ಕಾದು ಕುಳಿತ ಕಣ್ಣಿಗೆ ಅದು ಬರಿಯ ರೆಪ್ಪೆ ಬಡಿತವಾಗಿತ್ತು. ಸಿನಿಮಾ ಎಂದರೆ ಚಲನೆ ಎಂಬುದನ್ನು ನಾವು ಮರೆತುಬಿಡುವಷ್ಟು ಹೊತ್ತು ತಡೆಹಿಡಿದು, ಆಮೇಲೆ ಒಂದು ಚಿಟಿಕೆಯಷ್ಟು ಕೊಡುವುದರಲ್ಲಿ ಅದರ ಬೆರಗೆಲ್ಲ ಇದೆ. ಆ ಬೆರಗನ್ನು ರಿವೈಂಡ್ ಮಾಡಲಾಗದು.

ಭಾನುವಾರ ಮಣಿ ಕೌಲ್ ಅವರ 'ಉಸ್ಕಿ ರೋಟಿ'. ಬಸ್ ಚಾಲಕ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ರಸ್ತೆಬದಿಯಲ್ಲಿ ಕಾಯುವ ಹೆಂಗಸಿನ ಕಥೆ. ಕಾಯುವುದನ್ನು ಕತ್ತರಿಸಿ ಚುಟುಕಾಗಿಸುವ ರೂಢಿಯನ್ನು ಬಿಟ್ಟು, ಕೌಲ್ ನಮ್ಮನ್ನೂ ಆಕೆಯ ಜೊತೆ ನಿಲ್ಲಿಸುತ್ತಾರೆ. ಊಟದ ಹೊತ್ತಿಗೆ ಅರ್ಧ ಜನ ಎದ್ದುಹೋಗಿದ್ದರು. ಅವರನ್ನು ದೂರಲಾರೆ, ಆ ಪ್ಲಾಸ್ಟಿಕ್ ಕುರ್ಚಿಗಳು ಅಷ್ಟು ತಾಳ್ಮೆಗೆ ತಕ್ಕವಲ್ಲ.

ಚರ್ಚೆಯಲ್ಲಿ ಮಂಡ್ಯ ಕಡೆಯ ಹಿರಿಯರೊಬ್ಬರು, "ಕಥೆ ನಿಲ್ಸಿ ಮಾತಾಡೋದು ಹೊಸದೇನಲ್ಲ ಸ್ವಾಮಿ, ನಮ್ಮ ಮೂಡಲಪಾಯ ಯಕ್ಷಗಾನದಲ್ಲಿ ಸಾರಥಿ ಬಂದು ರಾಜನ್ನೇ ನೀನ್ಯಾರು ಅಂತ ಕೇಳ್ತಾನೆ" ಎಂದರು. ಎಲ್ಲರೂ ನಕ್ಕರು, ಮಾತು ಅಲ್ಲಿಗೇ ನಿಂತಿತು. ನನ್ನ ದೊಡ್ಡ ತಕರಾರು ಇದೇ. ಭಾಗವತ ರಂಗದ ಮೇಲೆಯೇ ನಿಂತು ಹಾಡಿದರೆ ಒಪ್ಪುವ ನಾವು, ಸಿನಿಮಾದ ಪಾತ್ರ ಕ್ಯಾಮೆರಾ ನೋಡಿದ ಕೂಡಲೇ ಬೆಚ್ಚುವುದೇಕೆ? ಆಟದಲ್ಲಿ ಕಥೆ ಹೇಳುವವನು ಎಂದೂ ಮರೆಯಾಗಿರಲಿಲ್ಲ. ಸಿನಿಮಾ ಅವನನ್ನು ಜಾಣತನದಿಂದ ಬಚ್ಚಿಟ್ಟಿತು. ಇದನ್ನು ಬಿಡಿಸಲು ಅರ್ಧ ಗಂಟೆ ಕೊಟ್ಟಿದ್ದರೆ ಭಾನುವಾರವೂ ಶನಿವಾರದಷ್ಟೇ ತುಂಬಿರುತ್ತಿತ್ತು.

ಇನ್ನೊಂದು ತಂಡಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ಹೋಗುವವರು ಸೊಂಟಕ್ಕೊಂದು ದಿಂಬು ಒಯ್ಯಿರಿ, ಚಹಾವನ್ನು ಚಿತ್ರ ಮುಗಿದ ಮೇಲೆ ತರಿಸುವಂತೆ ಬೆಳಿಗ್ಗೆಯೇ ಹೇಳಿಡಿರಿ.