ಲ್ಯಾಬ್ರಡಾರ್ ಕಚ್ಚುವುದಿಲ್ಲ ಎಂದು ನಂಬಿ ನಾಯಿಮರಿ ತರುವವರ ಗಮನಕ್ಕೆ

2025ರ ದೀಪಾವಳಿಯ ಸಂಜೆ, ವಿಜಯನಗರದ ನಮ್ಮ ಮನೆಯ ನಡುಮನೆಯಲ್ಲಿ, ನಾವೇ ಸಾಕಿದ ಲ್ಯಾಬ್ರಡಾರ್ ನಾಯಿ ನನ್ನ ತಂಗಿಯ ಆರು ವರ್ಷದ ಮಗನ ಮುಂಗೈಯನ್ನು ಕಚ್ಚಿತು. ತಟ್ಟೆಯಿಂದ ಜಾರಿ ಬಿದ್ದ ಕಜ್ಜಾಯವನ್ನು ಎತ್ತಿಕೊಳ್ಳಲು ಹುಡುಗ ಬಗ್ಗಿದ್ದ, ನಾಯಿಯೂ ಅದನ್ನೇ ನೋಡುತ್ತಿತ್ತು, ಬಗ್ಗುವಾಗ ಆಸರೆಗೆಂದು ಅವನು ಅದರ ಎಡಗಿವಿಯ ಮೇಲೆ ಕೈಯೂರಿದ. ನಾಯಿ ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ; ನಾನು ತಲುಪುವಷ್ಟರಲ್ಲಿ ಎರಡು ಕೋರೆಹಲ್ಲುಗಳು ಆಳವಾಗಿ ಇಳಿದಿದ್ದವು.

ಸಾಧು ತಳಿ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ತಂದಿದ್ದೆವು. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆಯು ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟೀನೊ, ಕೇನ್ ಕೋರ್ಸೊ ಮೊದಲಾದ 23 ತಳಿಗಳನ್ನು ಉಗ್ರವೆಂದು ಹೆಸರಿಸಿ, ಅವುಗಳ ಆಮದಿಗೂ ಮಾರಾಟಕ್ಕೂ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ನಮ್ಮ ಹೈಕೋರ್ಟು ಅದೇ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿದ್ದರೂ ಪಟ್ಟಿ ಮಾತ್ರ ನಮ್ಮ ತಲೆಯಲ್ಲಿ ಉಳಿದುಬಿಟ್ಟಿತ್ತು. ಪಟ್ಟಿಯಲ್ಲಿರುವುದೆಲ್ಲ ಅಪಾಯಕಾರಿ, ಅದರಲ್ಲಿಲ್ಲದ್ದೆಲ್ಲ ಸುರಕ್ಷಿತ ಎಂದು ನಾವು ಓದಿಕೊಂಡೆವು. ಪಕ್ಕದ ರಸ್ತೆಯವರು ರಾಟ್‌ವೀಲರ್ ಹಿಡಿದು ಬಂದರೆ ತಾಯಿಯವರನ್ನು ಕರೆದುಕೊಂಡು ರಸ್ತೆ ದಾಟುತ್ತಿದ್ದ ನಾನು, ಮೇ ತಿಂಗಳಲ್ಲಿ ನೆಮ್ಮದಿಯಿಂದ ಲ್ಯಾಬ್ರಡಾರ್ ಮರಿಯನ್ನು ಮನೆಗೆ ತಂದೆ.

ಮಾರಿದವನು ಹೇಳಿದ ಮಾತು ಇಂದಿಗೂ ನೆನಪಿದೆ: "ನಲವತ್ತೈದು ದಿನದ ಮರಿ ಸಾರ್, ಲ್ಯಾಬ್ ಅಂದ್ರೆ ಮನೇಲಿ ಮಗು ಇದ್ದ ಹಾಗೆ." ಬೆಂಗಳೂರಿನಲ್ಲಿ ನಾಯಿಮರಿ ವಿಚಾರಿಸಿದವರಿಗೆಲ್ಲ ಈ ನಲವತ್ತೈದು ದಿನದ ಲೆಕ್ಕ ಪರಿಚಿತ. ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರಲೇಬಾರದೆಂದು ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಮರಿ ಸಾಕಿ ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದೂ ಹೇಳುತ್ತವೆ. ಇವಾವುವೂ ನನಗೆ ಗೊತ್ತಿರಲಿಲ್ಲ. ಮೊದಲ ಲಸಿಕೆಗೆ ಒಯ್ದಾಗ ಪಶುವೈದ್ಯರು ಬಾಯಿ ತೆರೆದು ನೋಡಿ, ಆಗಷ್ಟೇ ಮೂಡುತ್ತಿದ್ದ ಹಾಲುಹಲ್ಲುಗಳನ್ನು ತೋರಿಸಿ, ಇದಕ್ಕೆ ನಲವತ್ತೈದು ದಿನವೂ ಆಗಿಲ್ಲ, ತಿಂಗಳು ದಾಟಿದ್ದರೆ ಹೆಚ್ಚು ಎಂದರು. ತಾಯಿಯನ್ನು ತೋರಿಸಿ ಎಂದು ಕೇಳಿದ್ದಕ್ಕೆ ಮಾರಾಟಗಾರನು ಅದು ದೂರದ ಊರಿನಲ್ಲಿದೆ ಎಂದಿದ್ದನು. ಆ ಉತ್ತರ ಕೇಳಿದ ಕೂಡಲೇ ನಾನು ಬರಿಗೈಯಲ್ಲಿ ಹಿಂದಿರುಗಬೇಕಾಗಿತ್ತು.

ಈ ವಯಸ್ಸಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ತಾಯಿ ಮತ್ತು ಒಡಹುಟ್ಟಿದ ಮರಿಗಳೊಂದಿಗೆ ಕಚ್ಚಾಡಿ ಆಡುವಾಗಲೇ, ಹಲ್ಲನ್ನು ಎಷ್ಟು ಊರಿದರೆ ಎದುರಿನ ಮರಿಗೆ ನೋವಾಗುತ್ತದೆ, ಎಷ್ಟಕ್ಕೆ ಆಟ ನಿಂತುಹೋಗುತ್ತದೆ ಎಂಬುದನ್ನು ನಾಯಿಮರಿ ಕಲಿಯುತ್ತದೆ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಕಂಡ ಮನುಷ್ಯರು, ಮಕ್ಕಳು, ವಾಹನಗಳು, ಸದ್ದುಗಳು ಅದಕ್ಕೆ ಜೀವನಪೂರ್ತಿ ಸಹಜವಾಗಿ ತೋರುತ್ತವೆ. ಆಗ ಕಾಣದೇ ಹೋದವುಗಳ ಬಗ್ಗೆ ಅಂಜಿಕೆ ಉಳಿಯುವ ಸಂಭವ ಹೆಚ್ಚು. ನಮ್ಮ ಬ್ರೂನೊಗೆ ಮೊದಲನೆಯದು ಸಿಗದಂತೆ ಮಾರಿದವನು ಮಾಡಿದ. ಎರಡನೆಯದು ಸಿಗದಂತೆ ನಾವು ಮಾಡಿದೆವು. ಲಸಿಕೆಗಳು ಮುಗಿಯುವವರೆಗೆ ಪಾರ್ವೊ ರೋಗ ತಗುಲೀತೆಂದು ಹೆದರಿ ಅದನ್ನು ತಾರಸಿಯ ಕೋಣೆಯಲ್ಲೇ ಇರಿಸಿದೆವು. ನೆಲಕ್ಕೆ ಬಿಡದಿದ್ದರೂ ಕಂಕುಳಲ್ಲಿ ಎತ್ತಿಕೊಂಡು ಬೀದಿ ತೋರಿಸಬಹುದಿತ್ತು, ನೆಂಟರ ಮಕ್ಕಳನ್ನು ಕರೆಸಿ ಪಕ್ಕದಲ್ಲಿ ಕೂರಿಸಬಹುದಿತ್ತು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದಕ್ಕೆ ಸಮಯ ಮಾಡಿಕೊಳ್ಳಲಿಲ್ಲ.

ಏಳನೆಯ ತಿಂಗಳಿನಲ್ಲಿ ಅದು ಊಟದ ತಟ್ಟೆಯ ಬಳಿ ಯಾರಾದರೂ ಬಂದರೆ ಗುರುಗುಟ್ಟತೊಡಗಿತು. ಮನೆಗೆ ಬಂದು ನಾಯಿಗಳಿಗೆ ತರಬೇತಿ ಕೊಡುವವರೊಬ್ಬರನ್ನು ಗೊತ್ತುಮಾಡಿಕೊಂಡೆವು. ನಾಯಿಗೆ ನೀವೇ ಯಜಮಾನರೆಂದು ತೋರಿಸಬೇಕು ಎಂದ ಅವರು, ಗುರುಗುಟ್ಟಿದಾಗಲೆಲ್ಲ ಅದನ್ನು ಅಂಗಾತ ಕೆಡವಿ ಕತ್ತು ಒತ್ತಿ ಹಿಡಿಯಲು ಕಲಿಸಿದರು. ಸೆರೆಯಲ್ಲಿದ್ದ ತೋಳಗಳು ಯಜಮಾನಿಕೆಗಾಗಿ ಕಾದಾಡುವುದನ್ನು ನೋಡಿ ಹುಟ್ಟಿ, ನಾಯಿಗಳಿಗೂ ಅಂಟಿಸಿದ ಕಲ್ಪನೆ ಇದು. ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರವೆಂದು ತೋಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದು ತಿದ್ದಿದ್ದಾರೆ. ನಮಗೆ ಅದು ತಿಳಿದದ್ದು ತಡವಾಗಿ. ಎರಡು ತಿಂಗಳಲ್ಲಿ ಗುರುಗುಟ್ಟುವುದು ನಿಂತಿತು, ನಾವು ಸಂತೋಷಪಟ್ಟೆವು. ನಿಂತದ್ದು ಎಚ್ಚರಿಕೆಯ ಸದ್ದು ಮಾತ್ರ. ತಟ್ಟೆಯ ಬಳಿ ಕೈ ಬಂದಾಗ ಅದರೊಳಗೆ ಏಳುತ್ತಿದ್ದ ದಿಗಿಲು ಹಾಗೆಯೇ ಇತ್ತು. ಮೈ ಮರಗಟ್ಟಿದಂತೆ ನಿಲ್ಲುವುದು, ಮುಖ ತಿರುಗಿಸಿಯೂ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು: ಇವೂ ಎಚ್ಚರಿಕೆಗಳೇ. ದೀಪಾವಳಿಯ ಸಂಜೆ ಇವುಗಳಲ್ಲಿ ಎರಡನ್ನಾದರೂ ನಾನು ಕಂಡಿದ್ದೆ. ಪಟಾಕಿಯ ಸದ್ದಿಗೆ ಹೆದರಿದೆ ಎಂದುಕೊಂಡು ಸುಮ್ಮನಾದೆ.

ಎರಡು ದಿನಗಳ ನಂತರ ಪಶುವೈದ್ಯರು ಪರೀಕ್ಷಿಸಿದಾಗ ಎಡಗಿವಿಯ ಒಳಗೆ ಸೋಂಕು ಬಲಿತು ಕೀವಾಗಿತ್ತು. ಜೋಲುಕಿವಿಯ ನಾಯಿಗಳಲ್ಲಿ ಇದು ಸಾಮಾನ್ಯವಂತೆ. ಕೆಲವು ವಾರಗಳಿಂದ ಅದು ತಲೆ ಒದರುತ್ತಿದ್ದುದನ್ನು ನೋಡಿಯೂ ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಾಕಿದ ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಕೆಟ್ಟರೆ ತರಬೇತುದಾರರನ್ನು ಹುಡುಕುವ ಮೊದಲು ವೈದ್ಯರ ಬಳಿಗೆ ಒಯ್ಯಿರಿ.

ಹಾಗಾದರೆ ತಳಿಗೂ ಸ್ವಭಾವಕ್ಕೂ ಸಂಬಂಧವೇ ಇಲ್ಲವೇ ಎಂದು ತಂಗಿಯ ಗಂಡ ಸಿಟ್ಟಿನಿಂದಲೇ ಕೇಳಿದರು. ಇದೆ. ನಮ್ಮ ಮುಧೋಳ ನಾಯಿಯನ್ನು ಬೇಟೆಯ ಬೆನ್ನಟ್ಟಲೆಂದು ತಲೆತಲಾಂತರದಿಂದ ಬೆಳೆಸಿದ್ದಾರೆ. ಓಡುವುದನ್ನು ಕಂಡರೆ ಅದರ ಕಾಲು ನಿಲ್ಲುವುದಿಲ್ಲ. ಕಾವಲಿಗೆಂದು ಬೆಳೆಸಿದ ತಳಿ ಅಪರಿಚಿತರನ್ನು ಅನುಮಾನದಿಂದ ನೋಡುತ್ತದೆ. ಆದರೆ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ನಾಯಿಗೂ ಇನ್ನೊಂದಕ್ಕೂ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡ 9 ಮಾತ್ರ. ಕೆಣಕಿದಾಗ ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ತಳಿಯಿಂದ ಊಹಿಸುವುದಂತೂ ಬಹಳ ಕಷ್ಟ. 2008ರ ಇನ್ನೊಂದು ಸಮೀಕ್ಷೆಯಲ್ಲಿ ಮನುಷ್ಯರ ಮೇಲೆ ಹೆಚ್ಚು ಎರಗುವ ತಳಿಗಳ ಸಾಲಿನಲ್ಲಿ ಕಂಡದ್ದು ಪುಟ್ಟ ಗಾತ್ರದ ಡ್ಯಾಕ್ಸ್‌ಹುಂಡ್ ಮತ್ತು ಚಿಹುವಾಹುವಾ. ಅವು ಕಚ್ಚಿದರೆ ಗಾಯ ಸಣ್ಣದು, ಆದ್ದರಿಂದ ಸುದ್ದಿಯಾಗುವುದಿಲ್ಲ. ನಲವತ್ತು ಐವತ್ತು ಕಿಲೋ ತೂಗುವ ನಾಯಿ ಇದೇ ತಪ್ಪು ಮಾಡಿದ್ದರೆ ನಮ್ಮ ಹುಡುಗನ ಕೈಯ ಗತಿ ಬೇರೆಯೇ ಆಗುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ತಳಿಯನ್ನು ಸಾಕುವವರ ಹೊಣೆ ಅಷ್ಟರಮಟ್ಟಿಗೆ ದೊಡ್ಡದು. ಕಾನೂನು ಮಾತ್ರ ತಳಿಯನ್ನು ಕೇಳುವುದಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಆ ರಾತ್ರಿ ನಾವು ಸರಿಯಾಗಿ ಮಾಡಿದ ಒಂದು ಕೆಲಸವೆಂದರೆ, ಗಾಯವನ್ನು ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಡಿ ಹದಿನೈದು ನಿಮಿಷ ತೊಳೆದದ್ದು. ಮಗು ಚೀರುತ್ತಿದ್ದರೂ ತಂಗಿ ಕೈ ಬಿಡಲಿಲ್ಲ. ಅಕ್ಕಪಕ್ಕದವರು ಅರಿಸಿನ, ಕಾಫಿಪುಡಿ ಹಿಡಿದು ಬಂದರು. ಯಾವುದನ್ನೂ ಹಚ್ಚಲು ಬಿಡಲಿಲ್ಲ. ಬ್ರೂನೊಗೆ ರೇಬೀಸ್ ಲಸಿಕೆ ಆಗಿದ್ದರೂ ವೈದ್ಯರು ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ) ಚುಚ್ಚಿ, ಅಂದು, ನಂತರ 3, 7 ಮತ್ತು 28ನೆಯ ದಿನ ಚರ್ಮದೊಳಕ್ಕೆ ಲಸಿಕೆ ನೀಡಿದರು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸಿದೆವು. ಸಾಕಿದ ನಾಯಿ ತಾನೇ ಎಂದು ಯಾರೂ ಈ ಸೂಜಿಗಳನ್ನು ತಪ್ಪಿಸಬೇಡಿ, ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ.

ಬ್ರೂನೊ ಇನ್ನೂ ನಮ್ಮಲ್ಲೇ ಇದೆ. ಹೊಡೆಯದೆ, ಹೆದರಿಸದೆ ಕಲಿಸುವ ಬೇರೊಬ್ಬರು ವಾರಕ್ಕೊಮ್ಮೆ ಬರುತ್ತಾರೆ. ಊಟ ಹಾಕಿದ ಮೇಲೆ ಅದರ ಕೋಣೆಗೆ ಯಾರೂ ಹೋಗುವುದಿಲ್ಲ. ಮಕ್ಕಳು ಮನೆಗೆ ಬಂದ ದಿನ ನಡುವೆ ಕಂಬಿಯ ಗೇಟು ಹಾಕಿರುತ್ತೇವೆ. ಕಳೆದ ತಿಂಗಳು ತಟ್ಟೆಯ ಬಳಿ ನಾನು ಮರೆತು ಬಗ್ಗಿದಾಗ ಅದು ಸಣ್ಣಗೆ ಗುರುಗುಟ್ಟಿತು. ನಾನು ಏನೂ ಅನ್ನದೆ ಹಿಂದೆ ಸರಿದೆ.