ದುಡ್ಡು ಕೊಟ್ಟು ‘ಎಕ್ಸ್‌ಪೀರಿಯನ್ಸ್’ ಹಾಕಿಸಿಕೊಳ್ಳುವ ಮುಂಚೆ ಇದನ್ನು ಓದಿ

ಡಿಗ್ರಿ ಮುಗಿಸಿ ವರ್ಷವಾದರೂ ಕೆಲಸ ಸಿಗದೆ ಓಡಾಡುತ್ತಿರುವವರಿಗೆ ಯಾರಾದರೊಬ್ಬರು ಬಂದು ಹೇಳೇ ಹೇಳುತ್ತಾರೆ: “ಫ್ರೆಶರ್ ಅಂತ ಹಾಕಿದ್ರೆ ಯಾರೂ ಕರೆಯಲ್ಲ ತಮ್ಮಾ. ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕ್ಸಿಬಿಡು. ಎಲ್ರೂ ಹಾಕ್ಸಿದಾರೆ, ಏನೂ ಆಗಲ್ಲ ತಗಾ.”

ಮಾಡದ ಕೆಲಸಕ್ಕೆ ದುಡ್ಡು ಕೊಟ್ಟು ಸುಳ್ಳು ದಾಖಲೆ ಮಾಡಿಸಿಕೊಂಡರೆ ಏನಾಗುತ್ತದೆ ಅಂತ ನೋಡೋಣ. ಜಗಳೂರು ತಾಲ್ಲೂಕಿನ ಹಳ್ಳಿಯ ಹುಡುಗ, ದಾವಣಗೆರೆಯಲ್ಲಿ ಓದಿ 2022ರಲ್ಲಿ ಬಿ.ಇ. ಮುಗಿಸಿದವನು. ಅವನ ಹೆಸರಾಗಲಿ, ದುಡ್ಡು ತಿಂದವರ ಹೆಸರಾಗಲಿ ಇಲ್ಲಿ ಬೇಡ. ಒಂದೊಂದು ಮೆಟ್ಟಿಲಲ್ಲೂ ಎಲ್ಲಿ ಎಡವಿದ ಅನ್ನುವುದಷ್ಟೇ ಸಾಕು, ಯಾಕೆಂದರೆ ಇದೇ ಮೆಟ್ಟಿಲ ಬುಡದಲ್ಲಿ ಈಗ ನಿಂತಿರುವವರು ಬಹಳ ಜನ ಇದ್ದಾರೆ.

2022ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಅವನು ದಾವಣಗೆರೆಯ ಒಂದು ಮೊಬೈಲ್ ಶೋರೂಮಿನಲ್ಲಿ ಬಿಲ್ಲಿಂಗ್, ಸ್ಟಾಕ್ ನೋಡಿಕೊಳ್ಳುತ್ತಿದ್ದ. ಆಮೇಲೆ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸದ ಕೋಚಿಂಗ್ ಸೇರಿದ. ಕೋರ್ಸ್ ಮುಗಿಯುವ ಹೊತ್ತಿಗೆ ‘ಪ್ಯಾಕೇಜ್’ ಮಾತು ಬಂತು: ಒಟ್ಟು 40,000 ರೂ., ಮುಂಗಡ 15,000, ಕೆಲಸ ಸಿಕ್ಕ ಮೇಲೆ ಉಳಿದ 25,000. ಮೆಕ್ಕೆಜೋಳ ಕ್ವಿಂಟಾಲ್‌ಗೆ ಎರಡು ಸಾವಿರದಂತೆ ಹೋದರೆ ಇಪ್ಪತ್ತು ಕ್ವಿಂಟಾಲಿನ ದುಡ್ಡು. ಅದಕ್ಕೆ ಸಿಕ್ಕಿದ್ದು ಒಂದು ಆಫರ್ ಲೆಟರ್, 24 ಪೇಸ್ಲಿಪ್, ಒಂದು ರಿಲೀವಿಂಗ್ ಲೆಟರ್, ‘ಎಚ್ಆರ್’ ಅಂತ ಒಂದು ಮೊಬೈಲ್ ನಂಬರ್. ರೆಸ್ಯೂಮೆಯಲ್ಲಿ 2022ರ ಜುಲೈನಿಂದ 2024ರ ಜೂನ್‌ವರೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಸ್ಟರ್ ಆಗಿದ್ದ ಅಂತ ಬರೆದರು. ಶೋರೂಮಿನ ಸಾಲನ್ನು ಅವರೇ ಅಳಿಸಿದರು. ಅದು ಇದ್ದರೆ ರೆಸ್ಯೂಮೆ ಕೆಡುತ್ತದಂತೆ.

ಮೊದಲ ಇಂಟರ್‌ವ್ಯೂ ವೀಡಿಯೊದಲ್ಲಿ ನಡೆಯಿತು, ಇಪ್ಪತ್ತೈದು ನಿಮಿಷಕ್ಕೇ ಮುಗಿಯಿತು. ಅಜೈಲ್, ಸ್ಪ್ರಿಂಟ್, ಜಿರಾ ಅಂತ ಆ ಕೆಲಸದ ಪದಗಳೆಲ್ಲ ಕಂಠಪಾಠವಾಗಿದ್ದವು, ಅಲ್ಲಿಯವರೆಗೆ ಸಲೀಸಾಗಿಯೇ ಹೋಯಿತು. ಆಮೇಲೆ ಟೆಸ್ಟಿಂಗ್ ಕೆಲಸಕ್ಕೆ ಹೋದವರನ್ನೆಲ್ಲ ಕೇಳುವ ಪ್ರಶ್ನೆ ಬಂತು: ತೊಂದರೆ ಸಣ್ಣದು, ಆದರೆ ತಕ್ಷಣ ಸರಿ ಮಾಡಲೇಬೇಕು, ಅಂಥ ಒಂದು ದೋಷ ನಿಮ್ಮ ಪ್ರಾಜೆಕ್ಟಿನಿಂದ ಹೇಳಿ. ಇವನು ಹೇಳಿದ್ದು “ಹೋಮ್ ಪೇಜಿನಲ್ಲಿ ಕಂಪನಿ ಲೋಗೋದ ಸ್ಪೆಲ್ಲಿಂಗ್ ತಪ್ಪಿತ್ತು.” ಇದು ಎಲ್ಲ ಕೋಚಿಂಗ್ ನೋಟ್ಸಿನಲ್ಲೂ ಇರುವ ಉದಾಹರಣೆ. ಇಂಟರ್‌ವ್ಯೂ ಮಾಡುವವರು ಬೆಳಗ್ಗಿನಿಂದ ನಾಲ್ಕು ಜನರ ಬಾಯಲ್ಲಿ ಅದನ್ನೇ ಕೇಳಿರುತ್ತಾರೆ. ಹಾಗಾಗಿ ಒಂದು ಪದರ ಕೆಳಗೆ ಕೆದಕುತ್ತಾರೆ. ಯಾವ ಅಕ್ಷರ ತಪ್ಪಿತ್ತು? ಟಿಕೆಟ್ (ದೋಷದ ದಾಖಲೆ) ಯಾರ ಹೆಸರಿಗೆ ಹಾಕಿದಿರಿ? ಅವರು ಒಪ್ಪಿಕೊಂಡರಾ, ವಾದ ಮಾಡಿದರಾ? ಸರಿಯಾದ ಮೇಲೆ ಮೊಬೈಲಿನಲ್ಲೂ ನೋಡಿದಿರಾ? ಎರಡು ವರ್ಷ ಆ ಕೆಲಸ ಮಾಡಿದವರಿಗೆ ಇದಕ್ಕೆಲ್ಲ ಉತ್ತರ ಹುಡುಕಬೇಕಾಗಿಲ್ಲ. ಮಾಡದವನು ಪ್ರತಿ ಪ್ರಶ್ನೆಗೂ ನಾಲ್ಕು ಸೆಕೆಂಡ್ ತಡೆದು ‘ಆಕ್ಚುಲಿ’ ಅಂತ ಶುರು ಮಾಡುತ್ತಾನೆ. ಆ ನಾಲ್ಕು ಸೆಕೆಂಡೇ ಸಾಕು.

ಅಲ್ಲಿಗೇ ನಿಂತಿದ್ದರೆ ಮುಂಗಡ ಹೋದದ್ದಷ್ಟೇ ನಷ್ಟ. ಆದರೆ ಎರಡು ತಿಂಗಳಾದ ಮೇಲೆ ಇನ್ನೊಂದು ಕಂಪನಿಯವರು ಅಷ್ಟು ಕೆದಕದೆ ತೆಗೆದುಕೊಂಡುಬಿಟ್ಟರು. ಉಳಿದ 25,000ವನ್ನೂ ಕೊಟ್ಟ. ಊರಲ್ಲಿ ಪೇಡ ಹಂಚಿದರು. ಬೆಂಗಳೂರಿನಲ್ಲಿ ಪಿ.ಜಿ. ಅಡ್ವಾನ್ಸ್, ಹೊಸ ಬಟ್ಟೆ, ಎಲ್ಲ ಆಯಿತು. ಏಳನೇ ವಾರ ಹಿನ್ನೆಲೆ ಪರಿಶೀಲನೆಯ ವರದಿ ಬಂತು. ಮಧ್ಯಾಹ್ನ ಎಚ್ಆರ್ ಕರೆದರು, ಸಂಜೆಯೊಳಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್.

ಸಿಕ್ಕಿಬಿದ್ದದ್ದು ಮುಖ್ಯವಾಗಿ ಎರಡು ಕಡೆ, ಎರಡನ್ನೂ ಬಿಡಿಸಿ ಹೇಳಬೇಕು.

ಒಂದು, ಪಿಎಫ್. ಕೆಲಸಕ್ಕೆ ಸೇರಿದ ದಿನ ಫಾರ್ಮ್ 11 ಅಂತ ಒಂದು ಘೋಷಣೆ ತುಂಬಿಸುತ್ತಾರೆ, ಹಿಂದೆ ಪಿಎಫ್ ಇತ್ತೇ ಅಂತ. ಇವನು ‘ಇಲ್ಲ’ ಅಂತ ಹಾಕಿದ. ಆದರೆ ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗಕ್ಕೆ ಪಿಎಫ್ ಕಡ್ಡಾಯ, ಆ ಶೋರೂಮಿನವರು ನಿಯತ್ತಾಗಿ ಕಟ್ಟಿದ್ದರು. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಹಳೆಯದು ಎದ್ದು ಬಂತು. ಅದರ ಸರ್ವಿಸ್ ಹಿಸ್ಟರಿಯಲ್ಲಿ ದಾವಣಗೆರೆಯ ಸಂಸ್ಥೆ, ಸೇರಿದ ದಿನ, ಬಿಟ್ಟ ದಿನ ಎಲ್ಲ ಇದೆ. ರೆಸ್ಯೂಮೆ ಪ್ರಕಾರ ಅದೇ ಆರು ತಿಂಗಳು ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದ. ‘ಪಿಎಫ್ ಸಮೇತ ಮಾಡಿಸಿಕೊಡ್ತೀವಿ, ಇನ್ನು ಸ್ವಲ್ಪ ಜಾಸ್ತಿ ಆಗುತ್ತೆ’ ಅನ್ನುವವರೂ ಇದ್ದಾರೆ. ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳ ಸಂಬಳ ಅನ್ನುವುದು ಒಂದು ಕಾಲಂ, ಜಮೆಯಾದ ದಿನಾಂಕ ಇನ್ನೊಂದು ಕಾಲಂ. ಇಪ್ಪತ್ನಾಲ್ಕು ತಿಂಗಳದ್ದು ಒಂದೇ ವಾರದಲ್ಲಿ ಜಮೆಯಾಗಿದ್ದರೆ ಅದನ್ನು ನೋಡಿ ತಿಳಿಯಲು ಪತ್ತೇದಾರ ಬೇಕಿಲ್ಲ.

ಎರಡು, ಪೇಸ್ಲಿಪ್. ತಿಂಗಳಿಗೆ 24,500 ರೂ. ಸಂಬಳ, ವೃತ್ತಿ ತೆರಿಗೆ 200 ರೂ. ಕಡಿತ, ಇಪ್ಪತ್ನಾಲ್ಕು ಸ್ಲಿಪ್‌ನಲ್ಲೂ ಹಾಗೇ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆಯೇ ಇಲ್ಲ. ಅದಕ್ಕೆ ಮುಂಚೆ ಮಿತಿ 15,000 ಇತ್ತು. ಅಂದರೆ 2023ರ ಮಾರ್ಚ್‌ವರೆಗಿನ ಸ್ಲಿಪ್‌ಗಳು ಲೆಕ್ಕಕ್ಕೆ ಸರಿ, ಏಪ್ರಿಲ್‌ನಿಂದ ಒಂದೊಂದೂ ತಪ್ಪು. ಹಳೆಯ ಫೈಲಿನಲ್ಲಿ ತಿಂಗಳ ಹೆಸರು ಮಾತ್ರ ಬದಲಿಸಿ ಮುದ್ರಿಸಿದ್ದರು. ನಲವತ್ತು ಸಾವಿರ ತೆಗೆದುಕೊಂಡವರು ಅಷ್ಟು ಶ್ರಮವನ್ನೂ ಪಟ್ಟಿರಲಿಲ್ಲ.

ಇನ್ನು ಆ ‘ಎಚ್ಆರ್’ ನಂಬರ್ ಯಾರೂ ಎತ್ತಲಿಲ್ಲ. ಎತ್ತಿದ್ದರೂ ಅಷ್ಟೇ, ಪರಿಶೀಲನೆ ಮಾಡುವವರು ನೀವು ಕೊಟ್ಟ ನಂಬರನ್ನೇ ನಂಬಿ ಕೂರುವುದಿಲ್ಲ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು. ನೂರೈವತ್ತು ಜನರ ಕಂಪನಿ ಅಂತ ಹೇಳಿಕೊಂಡದ್ದು ನಾಲ್ಕು ಜನರಿಗೆ ಕಟ್ಟುತ್ತಿದ್ದರೆ ಅಲ್ಲಿಗೆ ಮುಗಿಯಿತು. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅದು ಚಾಲ್ತಿಯಲ್ಲಿದೆಯೋ, ಪಟ್ಟಿಯಿಂದ ತೆಗೆದುಹಾಕಿದ್ದಾರೋ ಎನ್ನುವುದೂ ಸಿಗುತ್ತದೆ. ಈ ಎರಡನ್ನೂ ದುಡ್ಡು ಕೊಡುವ ಮುಂಚೆ ಹತ್ತು ನಿಮಿಷದಲ್ಲಿ ನೀವೇ ನೋಡಬಹುದಿತ್ತು.

ಪೊಲೀಸರಿಗೆ ದೂರು ಕೊಡಬಹುದಲ್ಲ ಅಂತ ಕೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಸೆಕ್ಷನ್, ಖೊಟ್ಟಿ ದಾಖಲೆ ಸೃಷ್ಟಿಸಿದ್ದಕ್ಕೆ 336, ಅದನ್ನು ಅಸಲಿ ಅಂತ ಬಳಸಿದ್ದಕ್ಕೆ 340. ಮಾಡಿಕೊಟ್ಟವನು 336ಕ್ಕೆ ಬಂದರೆ ಬಳಸಿದ ಹುಡುಗ 340ಕ್ಕೆ ಬರುತ್ತಾನೆ. ಮಾರುವವರ ಧೈರ್ಯವೆಲ್ಲ ಇದೇ, ಕೊಂಡವನು ಬಾಯಿ ಬಿಡುವುದಿಲ್ಲ ಅಂತ.

ಈ ಪ್ರಕರಣದಲ್ಲಿ ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಅವರು ಅಳಿಸಿದ ಆ ಶೋರೂಮಿನ ಸಾಲಿನಲ್ಲೇ ಅವನ ಕೆಲಸ ಇತ್ತು.

ಶೋರೂಮಿನಲ್ಲಿ ತಿಂಗಳ ಕೊನೆಗೆ ಸ್ಟಾಕ್ ತಾಳೆ ಆಗುತ್ತಿರಲಿಲ್ಲ. ಲೆಕ್ಕದಲ್ಲಿ ಇದೆ ಅನ್ನುವ ಐದಾರು ಹ್ಯಾಂಡ್‌ಸೆಟ್ ಕಪಾಟಿನಲ್ಲಿ ಇಲ್ಲ. ಬಿಲ್ ಆಗಿರುವ ಅಷ್ಟೇ ಸೆಟ್ ಸ್ಟಾಕಿಗೆ ಬಂದ ದಾಖಲೆಯೇ ಇಲ್ಲ. ಕೌಂಟರಿನ ಹುಡುಗರ ಮೇಲೆ ಅನುಮಾನ ಶುರುವಾಗಿತ್ತು. ಇವನು ಎರಡೂ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಿದ. ಎರಡು ಸಿಮ್ಮಿನ ಫೋನಿಗೆ ಐಎಂಇಐ ಅನ್ನುವ ಹದಿನೈದು ಅಂಕಿಯ ಗುರುತಿನ ನಂಬರ್ ಎರಡು ಇರುತ್ತವೆ. ಮಾಲು ಬಂದಾಗ ಒಬ್ಬರು ಬಾಕ್ಸಿನ ಮೊದಲನೇ ನಂಬರ್ ಸ್ಕ್ಯಾನ್ ಮಾಡುತ್ತಿದ್ದರು, ಗಿರಾಕಿ ಮುಂದೆ ಗಡಿಬಿಡಿಯಲ್ಲಿ ಬಿಲ್ ಮಾಡುವವರು ಕೆಲವೊಮ್ಮೆ ಎರಡನೆಯದನ್ನು ಸ್ಕ್ಯಾನ್ ಮಾಡುತ್ತಿದ್ದರು. ಕಳವೂ ಇಲ್ಲ, ಏನೂ ಇಲ್ಲ. ಬಾಕ್ಸಿನ ಎರಡನೇ ಬಾರ್‌ಕೋಡ್ ಮೇಲೆ ಸ್ಟಿಕ್ಕರ್ ಅಂಟಿಸಿ ಬಿಡುವುದು ಅಂತಾಯಿತು, ಮುಂದಿನ ತಿಂಗಳು ಲೆಕ್ಕ ಕೂಡಿತು.

ಟೆಸ್ಟರ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ನೋಟ್ಸಿನಲ್ಲಿದೆ? ಎಷ್ಟು ಪದರ ಕೆಳಗೆ ಕೆದಕಿದರೂ ಇದು ಗಟ್ಟಿ. ಎಷ್ಟು ಸೆಟ್, ಯಾರು ಬೈದರು, ಎಕ್ಸೆಲ್‌ನಲ್ಲಿ ಯಾವ ಫಾರ್ಮುಲಾ, ಸ್ಟಿಕ್ಕರ್ ಯಾಕೆ, ಸಾಫ್ಟ್‌ವೇರ್‌ನಲ್ಲೇ ಯಾಕೆ ಸರಿ ಮಾಡಿಸಲಿಲ್ಲ, ಎಲ್ಲಕ್ಕೂ ತಡೆಯದೆ ಉತ್ತರ ಬರುತ್ತದೆ. ‘ಸೇಲ್ಸ್‌ನಲ್ಲಿದ್ದೆ’ ಅನ್ನುವುದು ಅವಮಾನ ಅಂದುಕೊಂಡು ಇದನ್ನು ಮುಚ್ಚಿಟ್ಟ.

ಇಂಥದ್ದು ನಿಮ್ಮ ಹತ್ತಿರವೂ ಇದೆ. ಎಪಿಎಂಸಿ ದಲಾಲಿ ಅಂಗಡಿಯಲ್ಲಿ ಚೀಟಿ ಬರೆದದ್ದು, ಅಪ್ಪನ ಬೋರ್‌ವೆಲ್ ಮೋಟಾರ್ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುವುದನ್ನು ಹುಡುಕಿದ್ದು, ಚಿತ್ರದುರ್ಗದ ಯಾವುದೋ ಟ್ಯೂಷನ್ನಿನಲ್ಲಿ ಮೂವತ್ತು ಮಕ್ಕಳಿಗೆ ಗಣಿತ ಹೇಳಿದ್ದು. ಒಂದು ಹಾಳೆ ತೆಗೆದುಕೊಂಡು ಅಂಥ ನಾಲ್ಕು ಬರೆಯಿರಿ. ಪ್ರತಿಯೊಂದಕ್ಕೂ ಏನಾಗಿತ್ತು, ನಾನೇನು ಮಾಡಿದೆ, ಆಮೇಲೆ ಏನಾಯಿತು, ಇಷ್ಟೇ. ಎರಡೆರಡು ಸಾಲು, ಕನಿಷ್ಠ ಒಂದು ಸಂಖ್ಯೆ ಇರಲಿ. ‘ನಾವು ಮಾಡಿದ್ವಿ’ ಅನ್ನುವುದನ್ನು ‘ನಾನು ಮಾಡಿದೆ’ ಅಂತ ತಿದ್ದಿ, ಹಾಗೆ ತಿದ್ದಲು ಆಗದಿದ್ದರೆ ಆ ಸಾಲು ಬಿಟ್ಟುಬಿಡಿ. ನಾಲ್ಕು ನಿಜವಾದ ಘಟನೆ ಕೈಯಲ್ಲಿದ್ದರೆ ಜಗಳ, ತಪ್ಪು, ಒತ್ತಡ, ಹೊಸದು ಕಲಿತದ್ದು ಅಂತ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಅವುಗಳಿಂದಲೇ ಉತ್ತರ ಹೊರಡುತ್ತದೆ.

ಖಾಲಿ ಇದ್ದ ಅವಧಿ ಕೇಳಿದಾಗ ತಡವರಿಸಬೇಡಿ. ಈ ಹುಡುಗ ಹೇಳಬೇಕಿದ್ದದ್ದು ಇಷ್ಟು: “2022ರಲ್ಲಿ ಬಿ.ಇ. ಮುಗೀತು. ಆರು ತಿಂಗಳು ಮೊಬೈಲ್ ಶೋರೂಮಿನಲ್ಲಿ ಸ್ಟಾಕ್ ನೋಡ್ಕೊಂಡೆ. ಅಲ್ಲಿ ಲೆಕ್ಕದ ತಪ್ಪು ಹುಡುಕೋವಾಗಲೇ ಟೆಸ್ಟಿಂಗ್ ಕಲಿಯೋಣ ಅನ್ನಿಸ್ತು, ಕಲಿತೆ.” ತಿಂಗಳು, ಕೆಲಸ, ಕಾರಣ. ಅಲ್ಲಿಗೆ ನಿಲ್ಲಿಸಿ. ಮನೆ ಕಷ್ಟ, ಕೊರೊನಾ, ಅಣ್ಣನ ಮದುವೆ ಸೇರಿಸುತ್ತಾ ಹೋದಷ್ಟೂ ಅನುಮಾನ ಬೆಳೆಯುತ್ತದೆ.

ಪರಿಚಯ ಒಂದೂವರೆ ನಿಮಿಷ ದಾಟಬಾರದು. ಅಪ್ಪನ ಹೆಸರು, ಹವ್ಯಾಸ ಯಾರೂ ಕೇಳಿಲ್ಲ. ಅಂದಹಾಗೆ, ನಮ್ಮ ಕಡೆಯವರು ಊರು ಹೇಳಿದ ಕೂಡಲೇ ಬೆಣ್ಣೆದೋಸೆ ಹೆಸರು ಎತ್ತುವುದುಂಟು. ಎದುರಿನವರು ನಗುತ್ತಾರೆ ನಿಜ, ನಿಮಗೆ ಸಿಕ್ಕ ಹದಿನೈದು ನಿಮಿಷದಲ್ಲಿ ಎರಡು ನಿಮಿಷ ದೋಸೆಗೇ ಹೋಗುತ್ತದೆ. ಪರಿಚಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ತಪ್ಪು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಮೊದಲು ಕನ್ನಡದಲ್ಲಿ ಸರಿಯಾಗಿ ಹೇಳಿ ನೋಡಿ, ಆಮೇಲೆ ಗಿಡ್ಡ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ವಿಷಯ ಇಲ್ಲದ ಬಾಯಿಪಾಠದ ಇಂಗ್ಲಿಷಿಗಿಂತ ತೊದಲುವ ಇಂಗ್ಲಿಷಿನಲ್ಲಿ ಹೇಳಿದ ಐಎಂಇಐ ಕತೆ ಮೇಲು.

ವೀಡಿಯೊ ಇಂಟರ್‌ವ್ಯೂ ಇದ್ದರೆ ಹಳ್ಳಿ ಸಿಗ್ನಲ್ ನಂಬಬೇಡಿ, ಪೇಟೆಯಲ್ಲಿ ಸ್ನೇಹಿತರ ರೂಮಿಗೆ ಬನ್ನಿ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಹಾಟ್‌ಸ್ಪಾಟ್‌ಗೆ ಸಿದ್ಧ ಇರಲಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಕಿವಿಗೆ ವೈರಿನ ಇಯರ್‌ಫೋನ್ ಸಾಕು. ‘ನಿನ್ನ ಬದಲು ನಾವು ಮಾತಾಡ್ತೀವಿ, ನೀನು ತುಟಿ ಆಡಿಸು’ ಅನ್ನುವವರು ಸಿಗುತ್ತಾರೆ. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಫೋನ್ ಇಟ್ಟುಬಿಡಿ.

ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನಿ, ಅದಕ್ಕೆ ಹತ್ತಿರದ್ದು ಗೊತ್ತಿದ್ದರೆ ಅದನ್ನು ಹೇಳಲೇ ಅಂತ ಕೇಳಿ.

ಈಗಾಗಲೇ ಹಾಕಿಸಿಕೊಂಡವರು ಏನು ಮಾಡಬೇಕು? ಎಲ್ಲೂ ಕೆಲಸಕ್ಕೆ ಸೇರಿಲ್ಲವಾದರೆ ಇವತ್ತೇ ರೆಸ್ಯೂಮೆಯಿಂದ, ಕೆಲಸದ ತಾಣಗಳ ಪ್ರೊಫೈಲಿನಿಂದ ಅದನ್ನು ತೆಗೆಯಿರಿ. ಒಂದೊಂದು ತಾಣದಲ್ಲಿ ಒಂದೊಂದು ಥರ ಇದ್ದರೂ ಸಿಕ್ಕಿಬೀಳುತ್ತೀರಿ. ಮುಂಗಡ ವಾಪಸ್ ಬರುತ್ತದೆ ಅನ್ನುವ ಆಸೆ ಬಿಡಿ, ಬಾಕಿ ಕೊಡಬೇಡಿ. ಅಸಲಿ ಅಂಕಪಟ್ಟಿ ಅವರ ಹತ್ತಿರ ಇದ್ದರೆ, ಅಥವಾ ಕಂಪನಿಗೆ ಹೇಳಿಬಿಡ್ತೀವಿ ಅಂತ ಹೆದರಿಸಿ ದುಡ್ಡು ಕೇಳುತ್ತಿದ್ದರೆ, ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲಬೇಡಿ. ಮೆಸೇಜು, ಯುಪಿಐ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಒಬ್ಬ ವಕೀಲರನ್ನು ಕಾಣಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಕಡಿಮೆ ಇರುವವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಅಂಗಡಿಯಲ್ಲೋ ಶೋರೂಮಿನಲ್ಲೋ ಈಗ ಕೆಲಸ ಮಾಡುತ್ತಿರುವವರು ಬಿಡುವ ಮುಂಚೆಯೇ ಸರ್ವಿಸ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮಾಲೀಕರು ಇಲ್ಲ ಅನ್ನುವುದು ಕಡಿಮೆ, ಬರೆಯಲು ಪುರುಸೊತ್ತಿಲ್ಲ ಅನ್ನುವುದೇ ಹೆಚ್ಚು. ಹಾಗಾಗಿ ನೀವೇ ಟೈಪ್ ಮಾಡಿಸಿ: ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಮಾಡುತ್ತಿದ್ದ ಕೆಲಸ ಎರಡು ಸಾಲು. ಅಂಗಡಿಯ ಲೆಟರ್‌ಹೆಡ್ ಮೇಲೆ ಮುದ್ರಿಸಿ ಸಹಿ, ಸೀಲು ಹಾಕಿಸಿಕೊಳ್ಳಿ. ಪಿಎಫ್ ಕಟ್ ಆಗುತ್ತಿದ್ದರೆ ಯುಎಎನ್ ಬರೆದಿಟ್ಟುಕೊಳ್ಳಿ, ಬಿಟ್ಟ ದಿನಾಂಕ ಅಲ್ಲಿ ದಾಖಲಾಯಿತೇ ಅಂತ ಒಂದೆರಡು ತಿಂಗಳು ಬಿಟ್ಟು ನೋಡಿ.